ಪುಸ್ತಕ ಕೊಂದಿತು ಎನ್ನಲಾದ ಕಾರು: ಷೆವರ್ಲೆ ಕಾರ್ವೇರ್

ಇವತ್ತಿನ ಸಂಚಿಕೆಯಲ್ಲಿ ಒಂದು ಕಾರಿನ ಕಥೆ ಹೇಳ್ತೀನಿ. ಅಮೆರಿಕದ ಹಳೇ ಕಾರು ಅಂದ ತಕ್ಷಣ ಕಣ್ಣ ಮುಂದೆ ಬರೋದು ದೋಣಿಯಷ್ಟು ಉದ್ದದ ಬಾನೆಟ್, ಹಿಂದೆ ಮೀನಿನ ರೆಕ್ಕೆ, ಎಲ್ಲಿ ನೋಡಿದರೂ ಫಳಫಳ ಕ್ರೋಮ್. ನಾನು ಹೇಳೋ ಕಾರಿಗೆ ಇದ್ಯಾವುದೂ ಇರಲಿಲ್ಲ. ರೆಕ್ಕೆ ಇಲ್ಲ, ಮುಂದೆ ಗ್ರಿಲ್ ಇಲ್ಲ, ರೇಡಿಯೇಟರ್ ಇಲ್ಲ. ಬಾನೆಟ್ ಎತ್ತಿದರೆ ಎಂಜಿನ್ನೂ ಇಲ್ಲ! ಅಲ್ಲಿ ಇದ್ದದ್ದು ಸಾಮಾನು ಇಡೋ ಜಾಗ. ಎಂಜಿನ್ ಹಿಂದೆ ಇತ್ತು, ನಮ್ಮ ಆಟೋರಿಕ್ಷಾದಲ್ಲಿ ಇರೋ ಹಾಗೆ. ಹೆಸರು ಷೆವರ್ಲೆ ಕಾರ್ವೇರ್.

ಈ ಕಾರಿನ ಬಗ್ಗೆ ಚಾಲ್ತಿಯಲ್ಲಿರೋ ಕಥೆ ಬಹಳ ಚಿಕ್ಕದು. ಜನರಲ್ ಮೋಟಾರ್ಸ್ ಕಂಪನಿ ಒಂದು ಅಪಾಯಕಾರಿ ಕಾರು ಮಾಡಿತು, ರಾಲ್ಫ್ ನೇಡರ್ ಅನ್ನೋ ಯುವ ವಕೀಲರು ಅದರ ಮೇಲೆ ಪುಸ್ತಕ ಬರೆದರು, ಕಾರು ಸತ್ತುಹೋಯ್ತು. ಇರುವೆ ಆನೆಯನ್ನ ಬೀಳಿಸಿದ ಕಥೆ ಇದ್ದ ಹಾಗೆ, ಕೇಳೋಕೆ ಚೆಂದ. ಆದರೆ ದಿನಾಂಕಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಈ ಕಥೆ ನಿಲ್ಲೋದಿಲ್ಲ. ಕಾರನ್ನ ಕೊಂದಿದ್ದು ಪುಸ್ತಕ ಅಲ್ಲ. ಪುಸ್ತಕ ಮಾಡಿದ್ದು ಬೇರೆಯದೇ ಒಂದು ಕೆಲಸ, ಅದಕ್ಕಿಂತ ದೊಡ್ಡದು. ಆ ಕೆಲಸಕ್ಕೆ ಸ್ವತಃ ಜನರಲ್ ಮೋಟಾರ್ಸ್ ಕಂಪನಿಯೇ ಕೈಯಾರೆ ಸಹಾಯ ಮಾಡಿತು ಅನ್ನೋದು ಇದರಲ್ಲಿರೋ ತಮಾಷೆ.

1950ರ ದಶಕದ ಕೊನೆ. ಡೆಟ್ರಾಯಿಟ್ ಕಂಪನಿಗಳು ವರ್ಷದಿಂದ ವರ್ಷಕ್ಕೆ ಕಾರನ್ನ ಉದ್ದ, ಅಗಲ, ಭಾರ ಮಾಡ್ತಾ ಹೋಗ್ತಿದ್ದವು. ಆ ಹೊತ್ತಿಗೆ ಜರ್ಮನಿಯಿಂದ ಬಂದ ಪುಟ್ಟ ಫೋಕ್ಸ್‌ವ್ಯಾಗನ್ ಬೀಟಲ್ ಸದ್ದಿಲ್ಲದೆ ಮಾರಾಟವಾಗ್ತಿತ್ತು. 1959ರ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾಗೋ ಹತ್ತು ಕಾರಿನಲ್ಲಿ ಸರಿಸುಮಾರು ಒಂದು ವಿದೇಶದ್ದಾಗಿತ್ತು. ದೊಡ್ಡ ಮೂರೂ ಕಂಪನಿಗಳಿಗೆ ಬಿಸಿ ತಟ್ಟಿತು. ಮೂರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಚಿಕ್ಕ ಕಾರು ತಂದವು. ಫೋರ್ಡ್‌ನಿಂದ ಫಾಲ್ಕನ್, ಕ್ರೈಸ್ಲರ್‌ನಿಂದ ವ್ಯಾಲಿಯಂಟ್, ಜನರಲ್ ಮೋಟಾರ್ಸ್‌ನಿಂದ ಕಾರ್ವೇರ್. ಮೊದಲಿನ ಎರಡು ಅದೇ ಹಳೇ ಅಮೆರಿಕನ್ ಕಾರನ್ನ ಚಿಕ್ಕದು ಮಾಡಿದ್ದು, ಅಷ್ಟೇ. ಕಾರ್ವೇರ್ ಹಾಗಲ್ಲ. ಅದನ್ನ ಬುಡದಿಂದ ಹೊಸದಾಗಿ ಯೋಚಿಸಿ ಮಾಡಿದ್ದರು.

ಇದರ ಹಿಂದಿದ್ದ ಮನುಷ್ಯ ಎಡ್ ಕೋಲ್. ಷೆವರ್ಲೆಯ ಹೆಸರುವಾಸಿ ವಿ-8 ಎಂಜಿನ್ ತಯಾರಾಗಿದ್ದು ಇವರ ಉಸ್ತುವಾರಿಯಲ್ಲೇ. ಆಮೇಲೆ ಷೆವರ್ಲೆ ವಿಭಾಗದ ಮುಖ್ಯಸ್ಥರೇ ಆದರು. ಹಿಂದೆ ಎಂಜಿನ್, ಅದೂ ಅಲ್ಯೂಮಿನಿಯಂನದ್ದು, ನೀರಿನ ಬದಲು ಗಾಳಿಯಿಂದ ತಣ್ಣಗಾಗೋದು, ಆರು ಸಿಲಿಂಡರ್ ಮಲಗಿಸಿಟ್ಟದ್ದು, ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್. ಅಮೆರಿಕದ ದೊಡ್ಡ ಕಂಪನಿಯೊಂದು ಇಂಥ ಕಾರನ್ನ ಲಕ್ಷಗಟ್ಟಲೆ ಮಾಡೋಕೆ ಹೊರಟಿದ್ದು ನಿಜಕ್ಕೂ ಧೈರ್ಯದ ಕೆಲಸ. 1959ರ ಅಕ್ಟೋಬರ್ 2ಕ್ಕೆ ಕಾರು ಶೋರೂಮಿಗೆ ಬಂತು. ಅದೇ ವಾರ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಎಡ್ ಕೋಲ್ ಚಿತ್ರ. ಮೋಟಾರ್ ಟ್ರೆಂಡ್ ಪತ್ರಿಕೆ ಇದನ್ನ 1960ರ ವರ್ಷದ ಕಾರು ಅಂತ ಆರಿಸಿತು.

ಮಾರಾಟದಲ್ಲಿ ಮಾತ್ರ ಫಾಲ್ಕನ್ ಮುಂದೆ ಹೋಯ್ತು. ಮೊದಲ ವರ್ಷ ಕಾರ್ವೇರ್ ಎರಡೂವರೆ ಲಕ್ಷ ಓಡಿದರೆ ಫಾಲ್ಕನ್ ನಾಲ್ಕು ಲಕ್ಷ ದಾಟಿತು. ಜನಕ್ಕೆ ಬೇಕಿದ್ದದ್ದು ಅಗ್ಗದ, ತಲೆನೋವಿಲ್ಲದ ಕಾರು. ಕಾರ್ವೇರನ್ನ ಬದುಕಿಸಿದ್ದು ಮೊನ್ಜಾ ಅನ್ನೋ ಮಾದರಿ, ಮುಂದೆ ಎರಡು ಬಿಡಿ ಬಿಡಿ ಸೀಟು, ಒಳಗೆ ಸ್ವಲ್ಪ ಠೀಕುಠಾಕು. ಚಿಕ್ಕ ಕಾರು ಅಂದ್ರೆ ಬಡವರ ಕಾರು ಅಂತಲೇ ಆಗಬೇಕಿಲ್ಲ, ಹುಡುಗರು ಇಷ್ಟಪಡೋ ಕಾರೂ ಆಗಬಹುದು ಅಂತ ಅದು ತೋರಿಸಿತು. ಇದನ್ನ ನೆನಪಲ್ಲಿಟ್ಕೊಳ್ಳಿ, ಯಾಕಂದ್ರೆ ಫೋರ್ಡ್‌ನವರು ಇದನ್ನೇ ಕಣ್ಣಿಟ್ಟು ನೋಡ್ತಿದ್ದರು.

ಈಗ ಸ್ವಲ್ಪ ಯಂತ್ರದ ವಿಷಯ. ಬೋರಾಗಲ್ಲ, ಇಡೀ ಜಗಳ ನಿಂತಿರೋದೇ ಇದರ ಮೇಲೆ.

ಕಾರ್ವೇರ್ ತೂಕದಲ್ಲಿ ಶೇ. 60ಕ್ಕೂ ಹೆಚ್ಚು ಹಿಂದಿನ ಚಕ್ರಗಳ ಮೇಲೆ ಬೀಳ್ತಿತ್ತು. ಆ ಹಿಂದಿನ ಚಕ್ರಗಳನ್ನ ಹಿಡಿದಿದ್ದದ್ದು ಸ್ವಿಂಗ್ ಆಕ್ಸಲ್ ಅನ್ನೋ ವ್ಯವಸ್ಥೆ. ಅಂದ್ರೆ ಪ್ರತಿ ಚಕ್ರಕ್ಕೂ ಅರ್ಧ ಆಕ್ಸಲ್, ಅದಕ್ಕೆ ಒಳಗಡೆ, ಗೇರ್‌ಬಾಕ್ಸ್ ಪಕ್ಕದಲ್ಲಿ ಒಂದೇ ಒಂದು ಕೀಲು. ಬಾಗಿಲು ತನ್ನ ಕೀಲಿನ ಮೇಲೆ ತಿರುಗೋ ಹಾಗೆ ಚಕ್ರ ಮೇಲೆ ಕೆಳಗೆ ಆಡುತ್ತೆ. ಹಾಗೆ ಆಡುವಾಗ ಚಕ್ರದ ಓರೆಯೂ ಬದಲಾಗುತ್ತೆ. ಮಾಮೂಲಿ ಓಡಾಟದಲ್ಲಿ ಏನೂ ತೊಂದರೆ ಇಲ್ಲ. ಆದರೆ ವೇಗದಲ್ಲಿ ಒಂದು ಕಡಿದಾದ ತಿರುವು ತಗೊಂಡಾಗ ಕಾರಿನ ಹಿಂಭಾಗ ಮೇಲೆ ಏಳುತ್ತೆ, ಹೊರಗಿನ ಚಕ್ರ ಒಳಮುಖವಾಗಿ ಮಡಚಿಕೊಳ್ಳುತ್ತೆ. ನಡೆಯುವಾಗ ಪಾದ ಮಡಚಿ ಕಾಲು ಉಳುಕುತ್ತಲ್ಲ, ಹಾಗೆ. ಟೈರಿನ ಅಂಚು ಮಾತ್ರ ನೆಲಕ್ಕೆ ತಾಗಿರುತ್ತೆ, ಹಿಡಿತ ಒಮ್ಮೆಲೇ ತಪ್ಪುತ್ತೆ. ಭಾರ ಎಲ್ಲ ಹಿಂದೆಯೇ ಇರೋದರಿಂದ ಬಾಲ ಹೊರಗೆ ಎಗರುತ್ತೆ, ಕೆಲವೊಮ್ಮೆ ಕಾರು ಪಲ್ಟಿ ಹೊಡೆಯುತ್ತೆ.

ಬೀಟಲ್‌ನಲ್ಲೂ ಇದ್ದದ್ದು ಸ್ವಿಂಗ್ ಆಕ್ಸಲ್ಲೇ. ಆ ಕಾಲದ ಪೋರ್ಷೆಯಲ್ಲೂ ಅದೇ. ಹಾಗಾಗಿ ಜನರಲ್ ಮೋಟಾರ್ಸ್ ಕಂಪನಿ ಒಂದೇ ಪಾಪಿ ಅಲ್ಲ. ಆದರೆ ಆ ಕಾಲದ ಅಮೆರಿಕದ ಚಾಲಕರು ಕಲಿತಿದ್ದೆಲ್ಲ ಮುಂದೆ ಎಂಜಿನ್ ಇರೋ ಭಾರೀ ಕಾರಿನಲ್ಲಿ. ಅಂಥ ಕಾರು ತಿರುವಿನಲ್ಲಿ ತಪ್ಪಿದರೆ ಮುಂದಕ್ಕೆ ನೇರ ಜಾರುತ್ತೆ, ಇನ್ನಷ್ಟು ಸ್ಟೀರಿಂಗ್ ತಿರುಗಿಸಿ ಅಂತ ಕೈಗೆ ಅಭ್ಯಾಸ. ಕಾರ್ವೇರ್‌ನಲ್ಲಿ ಹಾಗೆ ಮಾಡಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ.

ಇದಕ್ಕೊಂದು ಪರಿಹಾರ ಎಂಜಿನಿಯರುಗಳಿಗೆ ಗೊತ್ತಿತ್ತು. ಮುಂದಿನ ಎರಡು ಚಕ್ರದ ನಡುವೆ ಒಂದು ಸ್ಟೆಬಿಲೈಜರ್ ಬಾರ್, ಅಂದ್ರೆ ಬಗ್ಗಿಸಿದ ಒಂದು ಉಕ್ಕಿನ ಸರಳು. ತಿರುವಿನಲ್ಲಿ ಕಾರು ಒಂದು ಕಡೆ ವಾಲದ ಹಾಗೆ ಅದು ತಡೆಯುತ್ತೆ. ಮೊದಲ ಕಾರ್ವೇರ್‌ಗಳಲ್ಲಿ ಅದನ್ನ ಹಾಕಲಿಲ್ಲ. ಅದರ ಬದಲು ಕಂಪನಿ ಮಾಡಿದ್ದು ಏನು ಗೊತ್ತಾ? ಮುಂದಿನ ಟೈರಿಗೆ 15 ಪೌಂಡ್ ಗಾಳಿ, ಹಿಂದಿನ ಟೈರಿಗೆ 26 ಪೌಂಡ್ ಗಾಳಿ ಹಾಕಿ ಅಂತ ಮಾಲೀಕರ ಕೈಪಿಡಿಯಲ್ಲಿ ಬರೆಯಿತು. ಈ ವ್ಯತ್ಯಾಸ ಇದ್ದರೆ ಕಾರು ಹದದಲ್ಲಿರುತ್ತೆ.

ನನಗೆ ಇಡೀ ಕಥೆಯಲ್ಲಿ ಕಾಡೋದು ಈ 15 ಮತ್ತು 26. ಯೋಚನೆ ಮಾಡಿ. ಲೆಕ್ಕ ತಪ್ಪಲ್ಲ, ಕೈಪಿಡಿಯಲ್ಲಿ ಬರೆದಿದ್ದೂ ನಿಜ. ಆದರೆ ಕಾರು ಪಲ್ಟಿಯಾಗದೆ ಉಳಿಯೋದು ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕೋ ಹುಡುಗನ ಕೈಯಲ್ಲಿತ್ತು. ಅವನು ದಿನಕ್ಕೆ ಎಷ್ಟೋ ಕಾರಿಗೆ ನಾಲ್ಕೂ ಟೈರಿಗೆ ಒಂದೇ ಅಳತೆಯಲ್ಲಿ ಗಾಳಿ ತುಂಬೋನು. ಮುಂದಿನದ್ದು 15 ಅಂದರೆ ಪಂಕ್ಚರ್ ಆಗಿದೆ ಅಂದುಕೊಂಡು ಇನ್ನೂ ತುಂಬೋನು. ಕೈಪಿಡಿ ಓದೋರು ಯಾರು? ನೀವೇ ಹೇಳಿ, ನಿಮ್ಮ ಕಾರಿನ ಕೈಪಿಡಿ ಯಾವಾಗ ಓದಿದ್ರಿ?

ಜನರಲ್ ಮೋಟಾರ್ಸ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಜಾನ್ ಡಿಲೋರಿಯನ್ ಆಮೇಲೆ ಕಂಪನಿ ಬಿಟ್ಟು, ತಮ್ಮ ನೆನಪುಗಳನ್ನ ಒಬ್ಬ ಪತ್ರಕರ್ತರಿಗೆ ಹೇಳಿ ಪುಸ್ತಕ ಮಾಡಿಸಿದರು. ಅವರ ಪ್ರಕಾರ ಆ ಸರಳು ಹಾಕೋಕೆ ಕಾರೊಂದಕ್ಕೆ ತಗಲೋ ಖರ್ಚು ಸುಮಾರು 15 ಡಾಲರ್. 1961ರಲ್ಲಿ ಷೆವರ್ಲೆ ಮುಖ್ಯಸ್ಥರಾಗಿ ಬಂದ ಬಂಕಿ ನುಡ್ಸನ್ ಅದು ಬೇಕೇ ಬೇಕು ಅಂತ ಪಟ್ಟು ಹಿಡಿದರು, ಮೇಲಿನವರು ಖರ್ಚು ಅಂತ ಒಪ್ಪಲಿಲ್ಲ, ಕೊನೆಗೆ ಕೆಲಸ ಬಿಡ್ತೀನಿ ಅಂದ ಮೇಲೆ ಒಪ್ಪಿದರು ಅಂತ ಡಿಲೋರಿಯನ್ ಹೇಳ್ತಾರೆ. ಕಂಪನಿಯ ಅಧಿಕಾರಿಗಳ ಮನೆಯವರೇ ಕಾರ್ವೇರ್‌ನಲ್ಲಿ ಅಪಘಾತಕ್ಕೆ ಸಿಕ್ಕಿದ್ದರು ಅಂತಲೂ ಹೇಳ್ತಾರೆ. ಡಿಲೋರಿಯನ್ ಅವರಿಗೆ ಕಂಪನಿ ಮೇಲೆ ಸಿಟ್ಟಿತ್ತು, ಸ್ವಲ್ಪ ಉಪ್ಪು ಖಾರ ಸೇರಿರಬಹುದು. ಆದರೆ ಕಣ್ಣಿಗೆ ಕಾಣೋ ಸಂಗತಿ ಇದು: 1964ರ ಮಾದರಿಯಲ್ಲಿ ಆ ಸರಳು ಬಂತು, ಹಿಂದೆ ಒಂದು ಅಡ್ಡ ಪಟ್ಟಿ ಸ್ಪ್ರಿಂಗೂ ಬಂತು. 1965ರಲ್ಲಿ ಸ್ವಿಂಗ್ ಆಕ್ಸಲ್ಲನ್ನೇ ಕಿತ್ತುಹಾಕಿ ಹಿಂದೆ ಪೂರ್ತಿ ಹೊಸ ಸಸ್ಪೆನ್ಷನ್ ಕೊಟ್ಟರು. ಹೊಸ ರೂಪ, ಹೊಸ ನಡಿಗೆ. ಅಮೆರಿಕದಲ್ಲಿ ಆ ವರ್ಷ ತಯಾರಾದ ಅತಿ ಚೆಂದದ ಕಾರುಗಳ ಪಟ್ಟಿ ಮಾಡಿದರೆ ನಾನಂತೂ ಅದನ್ನ ಸೇರಿಸ್ತೀನಿ.

ಅಂದ್ರೆ ನೇಡರ್ ಪುಸ್ತಕ ಬರೋ ಹೊತ್ತಿಗೆ ಕಾರು ರಿಪೇರಿಯಾಗಿತ್ತು. ಆದರೆ 1960ರಿಂದ 63ರವರೆಗೆ ಮಾಡಿದ ಲಕ್ಷಾಂತರ ಕಾರುಗಳು ರಸ್ತೆಯ ಮೇಲಿದ್ದವು. 1962ರ ಜನವರಿಯಲ್ಲಿ ಟಿವಿಯ ಹೆಸರಾಂತ ಹಾಸ್ಯನಟ ಎರ್ನಿ ಕೊವಾಕ್ಸ್ ಲಾಸ್ ಏಂಜಲೀಸ್‌ನಲ್ಲಿ ತಮ್ಮ ಕಾರ್ವೇರ್ ಸ್ಟೇಷನ್ ವ್ಯಾಗನ್ ಕಂಬಕ್ಕೆ ಬಡಿದು ತೀರಿಕೊಂಡಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಕಾರು ಮಗುಚಿ ಎಡಗೈ ಕಳೆದುಕೊಂಡ ಒಬ್ಬ ಮಹಿಳೆ ಕೋರ್ಟಿಗೆ ಹೋದರು. 1964ರಲ್ಲಿ ವಿಚಾರಣೆ ಶುರುವಾಗಿ ಕೆಲವೇ ದಿನಕ್ಕೆ ಕಂಪನಿ 70 ಸಾವಿರ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಂಥ ನೂರಕ್ಕೂ ಹೆಚ್ಚು ಕೇಸುಗಳು ದಾಖಲಾಗಿದ್ದವು. ಕೆಲವು ಕೇಸು ಕಂಪನಿ ಗೆದ್ದಿದ್ದೂ ಉಂಟು.

ಆಗಿನ ಕಾಲದ ಮನಸ್ಥಿತಿ ಹೇಗಿತ್ತು ಅಂತ ಹೇಳಬೇಕು. ಅಪಘಾತ ಆದರೆ ತಪ್ಪು ಯಾರದ್ದು? ಸ್ಟೀರಿಂಗ್ ಹಿಂದೆ ಕೂತವನದ್ದು. ಅಥವಾ ರಸ್ತೆಯದ್ದು. ಕಾರಿನದ್ದು ಅಂತ ಯಾರೂ ಕೇಳ್ತಿರಲಿಲ್ಲ. ಪೊಲೀಸರು ಕೇಳ್ತಿರಲಿಲ್ಲ, ಇನ್ಶೂರೆನ್ಸ್‌ನವರು ಕೇಳ್ತಿರಲಿಲ್ಲ. ರಸ್ತೆ ಸುರಕ್ಷತೆ ಅಂದ್ರೆ ಚಾಲಕರಿಗೆ ಬುದ್ಧಿ ಹೇಳೋ ಪೋಸ್ಟರು. ಸ್ವೀಡನ್‌ನಲ್ಲಿ ವೋಲ್ವೊ ಕಂಪನಿ ಭುಜ ಮತ್ತು ಸೊಂಟ ಎರಡನ್ನೂ ಹಿಡಿಯೋ ಸೀಟ್ ಬೆಲ್ಟನ್ನ ಕಾರಿಗೆ ಹಾಕಿದ್ದು 1959ರಲ್ಲಿ, ಕಾರ್ವೇರ್ ಹುಟ್ಟಿದ ಅದೇ ವರ್ಷ. ಅಮೆರಿಕದಲ್ಲಿ ಆಗ ಬೆಲ್ಟ್ ಬೇಕಂದ್ರೆ ಬೇರೆ ದುಡ್ಡು ಕೊಡಬೇಕು. ಕಾರ್ವೇರ್ ಸ್ಟೀರಿಂಗ್ ಕಂಬ ಇತ್ತಲ್ಲ, ಅದು ಮುಂದಿನ ಆಕ್ಸಲ್‌ಗಿಂತಲೂ ಮುಂದಕ್ಕೆ ಹೋಗಿ ಕೂತಿದ್ದ ಗಟ್ಟಿ ಸರಳು. ಮುಂದೆ ಡಿಕ್ಕಿ ಹೊಡೆದರೆ ಈಟಿಯ ಹಾಗೆ ಚಾಲಕನ ಎದೆ ಕಡೆಗೇ ಬರೋದು. ಎಂಜಿನ್ನೂ ಮುಂದೆ ಇರಲಿಲ್ಲ ತಡೆಯೋಕೆ.

ರಾಲ್ಫ್ ನೇಡರ್ ಕನೆಕ್ಟಿಕಟ್‌ನ ವಿನ್‌ಸ್ಟೆಡ್ ಅನ್ನೋ ಸಣ್ಣ ಊರಿನವರು. ಅಪ್ಪ ಅಮ್ಮ ಲೆಬನಾನಿನಿಂದ ಬಂದು ನೆಲೆಸಿದವರು. ಹಾರ್ವರ್ಡ್‌ನಲ್ಲಿ ಕಾನೂನು ಓದಿದರು. ಅವರಿಗೆ ಸ್ವಂತ ಕಾರೂ ಇರಲಿಲ್ಲ, ವಾಷಿಂಗ್ಟನ್‌ನಲ್ಲಿ ಒಂದು ಬಾಡಿಗೆ ರೂಮಿನಲ್ಲಿ ಇದ್ದುಕೊಂಡು ಬರೀತಿದ್ದರು. 1965ರ ನವೆಂಬರ್ 30ಕ್ಕೆ ಪುಸ್ತಕ ಬಂತು, ‘ಅನ್‌ಸೇಫ್ ಅಟ್ ಎನಿ ಸ್ಪೀಡ್’. ಅಂದ್ರೆ ಯಾವ ವೇಗದಲ್ಲೂ ಸುರಕ್ಷಿತವಲ್ಲ. ಇದು ಕಾರ್ವೇರ್ ಬಗ್ಗೆ ಬರೆದ ಪುಸ್ತಕ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಕಾರ್ವೇರ್ ಬಗ್ಗೆ ಇರೋದು ಮೊದಲ ಅಧ್ಯಾಯ ಮಾತ್ರ. ಉಳಿದದ್ದು ಎಲ್ಲ ಕಂಪನಿಗಳ ಬಗ್ಗೆ: ಡ್ಯಾಶ್‌ಬೋರ್ಡಿನ ಚೂಪು ಗುಬುಟುಗಳು, ಕಣ್ಣು ಕುಕ್ಕೋ ಕ್ರೋಮ್, ಹೊಗೆ, ಕಾರಿನ ಅಂದಕ್ಕೆ ಸುರಿಯೋ ದುಡ್ಡು ಮತ್ತು ಸುರಕ್ಷತೆಗೆ ಚೂರೂ ಇಲ್ಲದ ದುಡ್ಡು.

ಆ ದುಡ್ಡಿನ ಲೆಕ್ಕ ಅದೇ ವರ್ಷ ಜುಲೈನಲ್ಲಿ ಸೆನೆಟ್ ವಿಚಾರಣೆಯಲ್ಲಿ ಹೊರಬಿದ್ದಿತ್ತು. ಸೆನೆಟರ್ ರಾಬರ್ಟ್ ಕೆನಡಿ ಜನರಲ್ ಮೋಟಾರ್ಸ್ ಮುಖ್ಯಸ್ಥರನ್ನ ಕೂರಿಸಿಕೊಂಡು, ಕಳೆದ ವರ್ಷ ನಿಮ್ಮ ಲಾಭ ಎಷ್ಟು ಅಂತ ಬಿಡದೆ ಕೇಳಿದರು. 170 ಕೋಟಿ ಡಾಲರ್. ಸುರಕ್ಷತೆಯ ಸಂಶೋಧನೆಗೆ ಖರ್ಚು ಮಾಡಿದ್ದು? ಸುಮಾರು ಹನ್ನೆರಡೂವರೆ ಲಕ್ಷ ಡಾಲರ್.

ಇಷ್ಟಾದರೂ ಪುಸ್ತಕ ಮೊದಮೊದಲು ಅಂಥಾ ಸದ್ದೇನೂ ಮಾಡಲಿಲ್ಲ. ಸದ್ದು ಮಾಡಿಸಿದ್ದು ಜನರಲ್ ಮೋಟಾರ್ಸ್. ಕಂಪನಿಯ ಕಾನೂನು ವಿಭಾಗದವರು ನೇಡರ್ ಹಿಂದೆ ಖಾಸಗಿ ಪತ್ತೇದಾರರನ್ನ ಬಿಟ್ಟರು. ವಿನ್ಸೆಂಟ್ ಗಿಲೆನ್ ಅನ್ನೋ ಮಾಜಿ ಎಫ್‌ಬಿಐ ಮನುಷ್ಯ ಅದರ ಮುಂದಾಳು. ನೇಡರ್‌ಗೆ ಒಂದು ಕೆಲಸ ಕೊಡೋದಿದೆ, ಸ್ವಲ್ಪ ವಿಚಾರಿಸಬೇಕು ಅಂತ ಸುಳ್ಳು ಹೇಳಿಕೊಂಡು ಅವರ ಗೆಳೆಯರು, ಮೇಷ್ಟ್ರುಗಳ ಹತ್ತಿರ ಹೋದರು. ಹುಡುಗ ಹೇಗೆ, ಕುಡೀತಾನಾ, ಯಾಕಿನ್ನೂ ಮದುವೆ ಆಗಿಲ್ಲ, ಎಡಪಂಥೀಯನಾ, ಯಹೂದಿಗಳ ಮೇಲೆ ದ್ವೇಷ ಇದೆಯಾ. ನಮ್ಮ ಕಡೆ ಹೆಣ್ಣು ಕೊಡೋರೂ ಇಷ್ಟು ವಿಚಾರಿಸಲ್ಲ! ಅಂಗಡಿಯಲ್ಲಿ ಅಪರಿಚಿತ ಯುವತಿಯರು ಬಂದು ಮಾತಿಗೆಳೆದರು ಅಂತಲೂ ನೇಡರ್ ಹೇಳಿದರು. ಆ ಭಾಗ ನಮ್ಮ ಕೆಲಸ ಅಲ್ಲ ಅಂತ ಕಂಪನಿ ಕೊನೆವರೆಗೂ ಹೇಳಿತು. ಅತಿ ಪೆದ್ದುತನದ ಘಟನೆ 1966ರ ಫೆಬ್ರವರಿಯದ್ದು. ಪತ್ತೇದಾರರು ನೇಡರ್ ಬೆನ್ನು ಹತ್ತಿ ಸೆನೆಟ್ ಕಚೇರಿಗಳಿರೋ ಕಟ್ಟಡಕ್ಕೇ ನುಗ್ಗಿದರು, ಕಾವಲಿನವರ ಕಣ್ಣಿಗೆ ಬಿದ್ದು ಹೊರಗೆ ಹಾಕಿಸಿಕೊಂಡರು. ಪತ್ರಿಕೆಗೆ ಸುದ್ದಿ ಸಿಕ್ಕಿತು. ಮಾರ್ಚ್‌ನಲ್ಲಿ ಕಂಪನಿ ಹೌದು, ತನಿಖೆ ಮಾಡಿಸಿದ್ದು ನಾವೇ ಅಂತ ಒಪ್ಪಿಕೊಂಡಿತು.

ಮಾರ್ಚ್ 22. ಅಬ್ರಹಾಂ ರಿಬಿಕಾಫ್ ಅಧ್ಯಕ್ಷತೆಯ ಸೆನೆಟ್ ಉಪಸಮಿತಿ. ಎದುರಿಗೆ ಜನರಲ್ ಮೋಟಾರ್ಸ್ ಅಧ್ಯಕ್ಷ ಜೇಮ್ಸ್ ರೋಶ್. ಪಕ್ಕದಲ್ಲಿ ಅವರ ವಕೀಲ ಟೆಡ್ ಸೊರೆನ್‌ಸನ್, ಜಾನ್ ಕೆನಡಿ ಅವರ ಭಾಷಣಗಳ ಹಿಂದಿದ್ದ ಅದೇ ಸೊರೆನ್‌ಸನ್. ಸಮಿತಿಯಲ್ಲಿ ಆ ಕಡೆ ಕೂತಿದ್ದವರು ಜಾನ್ ಕೆನಡಿ ತಮ್ಮ ರಾಬರ್ಟ್! ಟಿವಿ ಕ್ಯಾಮೆರಾಗಳ ಮುಂದೆ ರೋಶ್ ಕ್ಷಮೆ ಕೇಳಿದರು. ಜಗತ್ತಿನ ಅತಿ ದೊಡ್ಡ ಕಾರ್ಖಾನೆ ಕಂಪನಿ, ಬಾಡಿಗೆ ರೂಮಿನ ಒಬ್ಬ ವಕೀಲನ ಮುಂದೆ. ಪುಸ್ತಕ ಆಮೇಲೆ ಬಿಸಿ ದೋಸೆ ತರಹ ಖರ್ಚಾಯ್ತು.

ಕಾನೂನು ಬರೋಕೆ ಆರು ತಿಂಗಳೂ ಬೇಕಾಗಲಿಲ್ಲ. ಎರಡೂ ಸದನದಲ್ಲಿ ಒಂದೇ ಒಂದು ವಿರೋಧ ಮತ ಬೀಳಲಿಲ್ಲ. 1966ರ ಸೆಪ್ಟೆಂಬರ್ 9ಕ್ಕೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು. ಕಾರು ಹೇಗಿರಬೇಕು ಅಂತ ಮೊದಲ ಬಾರಿಗೆ ಸರ್ಕಾರ ಹೇಳಿತು. 1968ರ ಮಾದರಿಗಳಿಂದ ಭುಜದ ಬೆಲ್ಟ್, ಡಿಕ್ಕಿಯಲ್ಲಿ ಕುಸಿದು ಮಡಚಿಕೊಳ್ಳೋ ಸ್ಟೀರಿಂಗ್ ಕಂಬ, ಒಂದು ಕೆಟ್ಟರೆ ಇನ್ನೊಂದು ಹಿಡಿಯೋ ಎರಡು ಹಾದಿಯ ಬ್ರೇಕು ಎಲ್ಲ ಕಡ್ಡಾಯ. ದೋಷ ಇದ್ದರೆ ಕೊಂಡವರಿಗೆ ತಿಳಿಸಲೇಬೇಕು ಅನ್ನೋ ನಿಯಮ ಅದರಲ್ಲಿತ್ತು. ಇವತ್ತು ನಾವು ರೀಕಾಲ್ ಅಂತ ಕೇಳ್ತೀವಲ್ಲ, ಅದರ ಬೇರು ಇಲ್ಲಿದೆ. ಆ ವರ್ಷ ಅಮೆರಿಕದ ರಸ್ತೆಗಳಲ್ಲಿ ಸತ್ತವರು 50 ಸಾವಿರಕ್ಕೂ ಹೆಚ್ಚು. ಪ್ರತಿ 10 ಕೋಟಿ ಮೈಲಿ ಓಡಾಟಕ್ಕೆ ಐದೂವರೆ ಸಾವು. ಈಗ ಅದು ಒಂದೂವರೆಗಿಂತ ಕಡಿಮೆ. ರಸ್ತೆ, ಆಸ್ಪತ್ರೆ, ಕುಡಿದು ಓಡಿಸೋರ ಮೇಲಿನ ಕಾನೂನು ಎಲ್ಲದರ ಪಾಲೂ ಇದೆ, ಕಾರಿನ ಪಾಲೂ ಇದೆ.

ಹಾಗಾದರೆ ಕಾರ್ವೇರನ್ನ ಕೊಂದಿದ್ದು ಯಾರು? 1964ರ ಏಪ್ರಿಲ್ 17ಕ್ಕೆ ಫೋರ್ಡ್ ಮಸ್ಟಾಂಗ್ ಬಂತು. ಕಾರ್ವೇರ್ ಮೊನ್ಜಾ ತೋರಿಸಿದ ದಾರಿಯನ್ನೇ ಹಿಡಿದು, ಅಗ್ಗದ ಫಾಲ್ಕನ್ ಭಾಗಗಳ ಮೇಲೆ ಕಟ್ಟಿ, ಬೇಕಾದವರಿಗೆ ವಿ-8 ಎಂಜಿನ್ ಕೊಟ್ಟರು. ಎರಡು ವರ್ಷ ತುಂಬೋ ಮೊದಲೇ 10 ಲಕ್ಷ ಮಸ್ಟಾಂಗ್. ಕಾರ್ವೇರ್ ಹಿಂಭಾಗದಲ್ಲಿ ವಿ-8 ಕೂರಿಸೋಕೆ ಜಾಗವೇ ಇಲ್ಲ. ಜನರಲ್ ಮೋಟಾರ್ಸ್ ಲೆಕ್ಕ ಹಾಕಿ ಮಸ್ಟಾಂಗ್‌ಗೆ ಎದುರಾಗಿ ಕಮಾರೊ ಮಾಡೋಣ ಅಂತ ತೀರ್ಮಾನಿಸಿತು, ಕಾರ್ವೇರ್‌ನಲ್ಲಿ ಇನ್ನು ಯಾವ ಸುಧಾರಣೆಯೂ ಬೇಡ, ಕಾನೂನಿಗೆ ಬೇಕಾದಷ್ಟು ಮಾತ್ರ ಮಾಡಿ ಅಂತ ಒಳಗೆ ಆದೇಶ ಹೋಯ್ತು. ಆ ಆದೇಶ 1965ರ ಏಪ್ರಿಲ್‌ನದ್ದು. ಪುಸ್ತಕ ಬಂದದ್ದು ನವೆಂಬರ್ ಕೊನೆಗೆ. ಮರಣಶಾಸನ ಬರೆದು ಏಳು ತಿಂಗಳಾದ ಮೇಲೆ ನೇಡರ್ ಬಂದರು.

ಮಾರಾಟವನ್ನ ಪುಸ್ತಕ ಇನ್ನಷ್ಟು ಕೆಳಗೆ ತಳ್ಳಿತು, ಅದರಲ್ಲಿ ಎರಡು ಮಾತಿಲ್ಲ. 1965ರಲ್ಲಿ ಸುಮಾರು 2 ಲಕ್ಷ 35 ಸಾವಿರ ಇದ್ದದ್ದು ಮರುವರ್ಷ ಅರ್ಧಕ್ಕಿಂತ ಕಡಿಮೆ, 1967ರಲ್ಲಿ 27 ಸಾವಿರ. ಮಾಮೂಲಿಯಾಗಿ ಇಷ್ಟಕ್ಕೆ ಅಂಗಡಿ ಮುಚ್ಚಬೇಕಿತ್ತು. ಆದರೆ ಮುಚ್ಚಿದರೆ ನೇಡರ್ ಗೆದ್ದ ಹಾಗಾಗುತ್ತಲ್ಲ, ಅದಕ್ಕೇ ಎಳೆದಾಡಿದರು ಅಂತ ಈ ಕಾರಿನ ಇತಿಹಾಸ ಬರೆದ ಹಲವರು ಹೇಳ್ತಾರೆ. ನನಗೂ ಹಾಗೇ ಅನ್ನಿಸುತ್ತೆ. ಕೊನೆಯ ವರ್ಷ 6 ಸಾವಿರ ಕಾರು ಮಾಡಿದರು. ಮಿಷಿಗನ್‌ನ ವಿಲ್ಲೋ ರನ್ ಕಾರ್ಖಾನೆಯಲ್ಲಿ 1969ರ ಮೇ 14ಕ್ಕೆ ಕೊನೆಯದು ಹೊರಬಂತು. ಮಹಾಯುದ್ಧದಲ್ಲಿ ಅದೇ ಕಾರ್ಖಾನೆಯಲ್ಲಿ ಫೋರ್ಡ್‌ನವರು ಬಿ-24 ಬಾಂಬರ್ ವಿಮಾನ ಮಾಡ್ತಿದ್ದರು. ಒಟ್ಟು ಸುಮಾರು 18 ಲಕ್ಷ ಕಾರ್ವೇರ್.

ನೇಡರ್ ತಮ್ಮ ಖಾಸಗಿತನಕ್ಕೆ ಧಕ್ಕೆಯಾಯ್ತು ಅಂತ ಹಾಕಿದ್ದ ಕೇಸು 1970ರಲ್ಲಿ ರಾಜಿಯಾಯ್ತು. ಕಂಪನಿ 4 ಲಕ್ಷ 25 ಸಾವಿರ ಡಾಲರ್ ಕೊಟ್ಟಿತು. ಆ ದುಡ್ಡನ್ನ ನೇಡರ್ ಹಾಕಿದ್ದು ಕಂಪನಿಗಳ ಮೇಲೆ ಕಣ್ಣಿಡೋ ಕೆಲಸಕ್ಕೇ.

ಇನ್ನೊಂದು ತಿರುವು ಬಾಕಿ ಇದೆ. ಆ ಕಾನೂನಿನಿಂದ ಹುಟ್ಟಿದ ಸರ್ಕಾರಿ ಸಂಸ್ಥೆ ಹಳೇ ಕಾರ್ವೇರನ್ನ ಪರೀಕ್ಷೆಗೆ ತಗೊಂಡಿತು. 1963ರ ಒಂದು ಕಾರ್ವೇರ್, ಪಕ್ಕದಲ್ಲಿ ಅದೇ ಕಾಲದ ಫಾಲ್ಕನ್, ವ್ಯಾಲಿಯಂಟ್, ಫೋಕ್ಸ್‌ವ್ಯಾಗನ್, ರೆನೊ. ಒಂದೇ ಬಗೆಯ ತಿರುವುಗಳಲ್ಲಿ ಓಡಿಸಿದರು. 1972ರ ಜುಲೈನಲ್ಲಿ ವರದಿ ಬಂತು: ಹಿಡಿತ ತಪ್ಪೋದರಲ್ಲಾಗಲಿ ಪಲ್ಟಿಯಾಗೋದರಲ್ಲಾಗಲಿ ಕಾರ್ವೇರ್ ತನ್ನ ಕಾಲದ ಇತರ ಕಾರುಗಳಿಗಿಂತ ಕೆಟ್ಟದ್ದೇನಲ್ಲ. ನೇಡರ್ ಈ ವರದಿಯನ್ನ ಒಪ್ಪಲಿಲ್ಲ. ಕಾರ್ವೇರ್ ಅಭಿಮಾನಿಗಳು ಇವತ್ತಿಗೂ ಅದನ್ನ ತೋರಿಸಿ, ನಮ್ಮ ಕಾರಿಗೆ ಅನ್ಯಾಯ ಆಯ್ತು ಅಂತಾರೆ.

ನನ್ನ ಲೆಕ್ಕ ಬೇರೆ. ಇತರರಿಗಿಂತ ಕೆಟ್ಟದ್ದಲ್ಲ ಅಂದರೆ ಒಳ್ಳೇದು ಅಂತ ಅರ್ಥ ಅಲ್ಲ. ಉಳಿದ ಅಧ್ಯಾಯಗಳಲ್ಲಿ ನೇಡರ್ ಹೇಳಿದ್ದು ಅದನ್ನೇ ತಾನೆ, ಎಲ್ಲ ಕಾರುಗಳ ಹಣೆಬರಹವೂ ಇಷ್ಟೇ ಅಂತ. ಪರೀಕ್ಷೆ ಮಾಡಿದವರು ಟೈರಿನ ಗಾಳಿ ಅಳೆದು ನೋಡಿ ಓಡಿಸೋರು. ರಸ್ತೆಯಲ್ಲಿ ಕಾರ್ವೇರ್ ಓಡಿಸ್ತಿದ್ದವರು ಬಂಕಿನ ಹುಡುಗ ತುಂಬಿದಷ್ಟು ಗಾಳಿಯಲ್ಲಿ ಓಡಿಸ್ತಿದ್ದರು.